ಬೋರ್ಡಿಲ್ಲದ ಮನೆಯಿಂದ

ದೊಡ್ಡಕ್ಕನಿಗೆ,

ಈ ಪತ್ರವನ್ನು ಮೊದಲು ಒಡೆಯುವುದು ನಿಮ್ಮ ಪಿ.ಎ. ಅಂತ ನನಗೆ ಗೊತ್ತು. ಪಿ.ಎ. ಅವರೇ, ನಮಸ್ಕಾರ. ಓದಿ, ಪರವಾಗಿಲ್ಲ. ಇದರಲ್ಲಿ ಅರ್ಜಿ ಇಲ್ಲ, ಶಿಫಾರಸು ಕೇಳಿಲ್ಲ, ಯಾರ ವರ್ಗಾವಣೆಯ ವಿಷಯವೂ ಇಲ್ಲ. ಓದಿ ಮುಗಿಸಿದ ಮೇಲೆ ಹರಿದು ಹಾಕದೆ ಮೇಡಂ ಕೈಗೆ ಕೊಟ್ಟರೆ ಉಪಕಾರವಾಗುತ್ತದೆ. ನೀವು ಅವರನ್ನು ಮೇಡಂ ಅನ್ನುತ್ತೀರಿ. ನಾವು ದೊಡ್ಡಕ್ಕ ಅನ್ನುತ್ತಿದ್ದೆವು.

ದೊಡ್ಡಕ್ಕಾ, ಹೋದ ವಾರ ನಿಮ್ಮ ಕಾಗದ ನಮ್ಮ ಹಳೆಯ ಆಫೀಸಿಗೆ ಬಂತು, ಔಷಧಿ ಅಂಗಡಿಯ ಮೇಲಿನ ಮಹಡಿಗೆ. ನಮಗೆ ಬರುವ ಕಾಗದವೆಲ್ಲ ಇವತ್ತಿಗೂ ಅಲ್ಲಿಗೇ ಬರುತ್ತದೆ. ಆ ಏರ್ಪಾಡು ಮಾಡಿದವರೇ ನೀವು. ದಪ್ಪ ಕಾಗದ, ಮೇಲೆ ನಗರಸಭೆಯ ಮುದ್ರೆ, ಕೆಳಗೆ ನಿಮ್ಮ ಸಹಿ. ಸಹಿ ಮೊದಲಿನ ಹಾಗಿಲ್ಲ. ಮೊದಲು ಅರ್ಜಿಯ ಕೆಳಗೆ ಒಂದು ಮೂಲೆಯಲ್ಲಿ ಮುದುರಿಕೊಂಡು ಕೂತಿರುತ್ತಿತ್ತು, ಈಗ ಅದಕ್ಕೆ ಕಾಲು ಹಾಳೆ ಬೇಕು. ನೊಂದ ಹೆಣ್ಣುಮಕ್ಕಳಿಗಾಗಿ ಮುಖ್ಯರಸ್ತೆಯಲ್ಲೇ ಆಶ್ರಯ ಭವನ ಕಟ್ಟಿಸಿದ್ದೀರಂತೆ. ಉದ್ಘಾಟನೆಗೆ ನಾನು ಬಂದು ನಾಲ್ಕು ಮಾತಾಡಬೇಕಂತೆ. ಅದಕ್ಕೆ ಮುಂಚೆ ನಾವು ಈಗಿರುವ ಮನೆಯನ್ನು ನಗರಸಭಾ ಸದಸ್ಯೆಯವರು, ಅಂದರೆ ನೀವು, ಖುದ್ದಾಗಿ ನೋಡಲು ಬಯಸಿದ್ದಾರೆ, ವಿಳಾಸ ತಿಳಿಸಿ ಅಂತ ಒಂದು ಸಾಲು. ಕೊನೆಯಲ್ಲಿ ಇನ್ನೊಂದು: ಹಿಂದೆ ಮನೆಯಲ್ಲಿದ್ದ ಹೊಲಿಗೆಯವಳು ಎಲ್ಲಿದ್ದಾಳೆಂದು ಪತ್ತೆ ಮಾಡಿ ಕರೆತಂದರೆ ಅವಳನ್ನು ವೇದಿಕೆಯ ಮೇಲೆ ಸನ್ಮಾನಿಸುವ ಇಚ್ಛೆ ಇದೆ.

ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ಕಾಗದವನ್ನು ಮನೆಗೆ ತಂದು ಅಡುಗೆಯಮ್ಮನಿಗೆ ಕೊಟ್ಟೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕನ್ನಡಕ ಹುಡುಕಿ, ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ, “ಇವಳಿಗೇನು ಬುದ್ಧಿ ಕೆಟ್ಟಿದೆಯಾ?” ಅಂದರು. ಇಷ್ಟು ವರ್ಷದಲ್ಲಿ ಅವರು ನಿಮ್ಮನ್ನು ಏಕವಚನದಲ್ಲಿ ಅಂದದ್ದು ಅದೇ ಮೊದಲು. ಅಂದವರಿಗೇ ಗಾಬರಿಯಾಯಿತು, ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಿಮಗೆ ನೆನಪಿದೆಯೇ? ಸಮಾಜಕಾರ್ಯದಲ್ಲಿ ಪದವಿ ಮುಗಿಸಿ, ಜಗತ್ತನ್ನು ಉದ್ಧಾರ ಮಾಡಿಯೇ ತೀರುತ್ತೇನೆ ಅಂತ ಹೆಗಲಿಗೆ ಚೀಲ ನೇತುಹಾಕಿಕೊಂಡು ಬಂದಿದ್ದೆ. ನೀವು ನನ್ನ ಪ್ರಮಾಣಪತ್ರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. “ನಮ್ಮ ಮನೆ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯಾ?” ಅಂದಿರಿ. ಗೊತ್ತಿಲ್ಲ ಅಂತೀನಿ ಅಂದೆ. “ದೊಡ್ಡ ಅಧಿಕಾರಿ ಬಂದು ಕೇಳಿದ್ರೆ?” ಗೊತ್ತಿಲ್ಲ ಅಂತೀನಿ. “ನಿಮ್ಮಮ್ಮ ಕೇಳಿದ್ರೆ?” ಆಗಲೂ ಗೊತ್ತಿಲ್ಲ ಅಂತಲೇ ಅಂತೀನಿ ಅಂದೆ. “ಭೇಷ್” ಅಂತ ಹೇಳಿ, ಎದುರಿನ ಕುರ್ಚಿಯಲ್ಲಿ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ಈಗ ನಾನು ಒಬ್ಬ ತಾಯಿ” ಅಂದಿರಿ.

ಅಬ್ಬಾ, ಏನು ಅಳು ಅದು! ನನ್ನ ಮಗಳು ನಿಮ್ಮ ಹತ್ರ ಇದ್ದಾಳೆ ತಾಯೀ, ಡಾಕ್ಟರು ಕೈಬಿಟ್ಟಿದ್ದಾರೆ ನನ್ನನ್ನ, ಒಂದೇ ಒಂದು ಸಲ ಅವಳ ಮುಖ ನೋಡಿ ಹೋಗ್ತೀನಿ, ಕಾಲಿಗೆ ಬೀಳ್ತೀನಿ ಅಂತ ನಿಜಕ್ಕೂ ಕಾಲಿಗೆ ಕೈ ಹಾಕಿದಿರಿ. ನಾಟಕ ಅಂತ ಗೊತ್ತಿತ್ತು. ಎದುರಿಗೆ ನೀವೇ ಕೂತಿರುವುದೂ ಕಾಣುತ್ತಿತ್ತು. ಆದರೂ “ಐಸ್ ಫ್ಯಾಕ್ಟರಿ ಹಿಂದೆ…” ಅಂತ ಬಾಯಿಂದ ಬಂದೇ ಬಿಟ್ಟಿತು. ನೀವು ತಟ್ಟನೆ ಕಣ್ಣೊರೆಸಿಕೊಂಡು ನನ್ನ ಕಿವಿ ಹಿಂಡಿದಿರಿ. “ಹೋಯ್ತು. ಒಂದು ಜೀವ ಹೋಯ್ತು. ಫೇಲು.” ನಾನು ಬಿಡಲಿಲ್ಲ, ನಿಜವಾದ ತಾಯಿಯೇ ಬಂದಿದ್ದರೆ ಏನು ಮಾಡಬೇಕಿತ್ತು ಅಂತ ವಾದಕ್ಕೆ ನಿಂತೆ. “ನಿಜವಾದ ತಾಯಿಗೂ ಗೊತ್ತಿಲ್ಲ ಅನ್ನು ಮೊಂಡಿ. ನಿಜವಾದ ತಾಯಿ ಹಿಂದೆನೇ ನಿಜವಾದ ಗಂಡ ನಿಂತಿರ್ತಾನೆ” ಅಂದಿರಿ. ಅವತ್ತಿನಿಂದ ನಾನು ಮೊಂಡಿಯಾದೆ. ಆಮೇಲೆ ಎಷ್ಟೋ ಮಂದಿ ಬಂದು ಅತ್ತರು, ಬೈದರು, ಆಮಿಷ ತೋರಿಸಿದರು. ನನ್ನ ಬಾಯಿಂದ ಇನ್ನೊಮ್ಮೆ ಆ ಬೀದಿ ಹೊರಬರಲಿಲ್ಲ.

ಓಡಿಬಂದ ಹೆಂಗಸರನ್ನು ಬಚ್ಚಿಡುವ ಆ ಮನೆಯನ್ನು ನೀವು ಕಟ್ಟಿದ್ದು ಇಟ್ಟಿಗೆಯಿಂದಲ್ಲ, ಇಂಥ ಸಣ್ಣ ಸಣ್ಣ ಕಟ್ಟುಪಾಡುಗಳಿಂದ. ಗೇಟಿಗೆ ಬೋರ್ಡು ಬೇಡ. ಬಣ್ಣ ಬೇಡ, ಹೊಸದಾಗಿ ಕಂಡರೆ ಜನ ನೋಡುತ್ತಾರೆ. ಬಟ್ಟೆ ತಾರಸಿಯ ಮೇಲೆ ಒಣಗಿಸಬೇಡಿ, ಅಷ್ಟೊಂದು ಹೆಂಗಸರ ಬಟ್ಟೆ ಒಂದೇ ಹಗ್ಗದ ಮೇಲೆ ಕಂಡರೆ ಎದುರುಮನೆಯವರು ಎಣಿಸುತ್ತಾರೆ. ಹಾಲು ಒಂದೇ ಅಂಗಡಿಯಲ್ಲಿ ತರಬೇಡಿ, ಅಂಗಡಿಯವನಿಗೆ ನಾವು ಎಷ್ಟು ಜನ ಅಂತ ತಿಳಿಯಬಾರದು. ಚಪ್ಪಲಿ ಬಾಗಿಲ ಹೊರಗೆ ಬಿಡಬೇಡಿ. ಆ ಮನೆಯಲ್ಲಿ ಮೊದಲು ಒಬ್ಬ ಹಲ್ಲಿನ ಡಾಕ್ಟರು ಇದ್ದರಲ್ಲ, ಗೋಡೆಯ ಮೇಲೆ ಅವರು ಬಿಟ್ಟುಹೋದ ದೊಡ್ಡ ಹಲ್ಲಿನ ಚಿತ್ರವನ್ನು ಕೂಡ ತೆಗೆಯಲು ನೀವು ಬಿಡಲಿಲ್ಲ. ಯಾರಾದರೂ ಇಣುಕಿದರೆ ಆಸ್ಪತ್ರೆ ಅಂದುಕೊಂಡು ಹೋಗಲಿ ಅಂದಿರಿ. ಹೊಸದಾಗಿ ಬಂದವಳು ಮೊದಲ ದಿನ ಆ ಹಲ್ಲನ್ನು ನೋಡಿ ನಗುತ್ತಿದ್ದಳು. ನಮ್ಮಲ್ಲಿ ಎಲ್ಲರ ಮೊದಲ ನಗುವೂ ಆ ಹಲ್ಲಿನದೇ.

ಇನ್ನು ಮತದ ವಿಷಯ. ಗಂಡನ ಮನೆ ಬಿಟ್ಟು ಓಡಿಬಂದವಳು ತನ್ನ ಮತವನ್ನೂ ಅಲ್ಲೇ ಬಿಟ್ಟು ಬಂದಿರುತ್ತಾಳೆ ಅನ್ನುವುದು ನಿಮಗಿಂತ ಮುಂಚೆ ಯಾರಿಗೂ ಹೊಳೆದಿರಲಿಲ್ಲ. ಹಳೆಯ ಮತಗಟ್ಟೆಗೆ ಹೋದರೆ ಸಾಲಿನಲ್ಲಿ ಅವನೇ ನಿಂತಿರುತ್ತಾನೆ. ಹೊಸ ಕಡೆ ಹೆಸರು ಸೇರಿಸಬೇಕೆಂದರೆ ಮನೆಯ ವಿಳಾಸ ಬರೆಯಬೇಕು. ಬರೆದರೆ ಪಟ್ಟಿಯಲ್ಲಿ ಯಾರು ಬೇಕಾದರೂ ಓದಬಹುದು. ನೀವು ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಕೊನೆಗೂ ಔಷಧಿ ಅಂಗಡಿಯ ಮೇಲಿನ ಆಫೀಸನ್ನೇ ಅವರ ವಿಳಾಸ ಅಂತ ಒಪ್ಪಿಸಿದಿರಿ. ಅಲ್ಲೊಬ್ಬ ಗುಮಾಸ್ತ, “ಅಷ್ಟೊಂದು ಹೆಂಗಸರು ಒಂದೇ ರೂಮಲ್ಲಿ ಹೇಗೆ ಮಲಗ್ತಾರೆ ಮೇಡಂ?” ಅಂತ ಹಲ್ಲು ಕಿರಿದಾಗ, “ಸರದಿ ಮೇಲೆ ಮಲಗ್ತಾರೆ, ನೀವು ಇಲ್ಲಿ ಕೆಲಸ ಮಾಡೋ ಹಾಗೆ” ಅಂದಿರಿ. ಆ ಮಾತನ್ನು ನಾವು ಮನೆಯಲ್ಲಿ ಎಷ್ಟು ಸಲ ಹೇಳಿಕೊಂಡು ನಕ್ಕಿದ್ದೇವೋ.

ಮೊದಲ ಸಲ ಅವರು ಮತ ಹಾಕಿದ ದಿನ ನನ್ನ ಜೀವನದ ಒಳ್ಳೆಯ ದಿನಗಳಲ್ಲೊಂದು. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ, ಬೇರೆ ಬೇರೆ ಬಸ್ಸಿನಲ್ಲಿ ಕಳಿಸಿದಿರಿ. ಹೋಗುವುದು ಒಂದು ದಾರಿ, ಬರುವುದು ಇನ್ನೊಂದು. ಮತಗಟ್ಟೆಯ ರಸ್ತೆಯ ತಿರುವಿನಲ್ಲಿ ನಾನು ಛತ್ರಿ ಹಿಡಿದು ನಿಂತಿರಬೇಕು. ಛತ್ರಿ ಬಿಚ್ಚಿದ್ದರೆ ಬರಬಹುದು, ಮಡಿಸಿದ್ದರೆ ಬಸ್ಸಿನಿಂದ ಇಳಿಯದೆ ಮುಂದೆ ಹೋಗಬೇಕು. ಉರಿಬಿಸಿಲಲ್ಲಿ ಅಷ್ಟು ಖುಷಿಯಿಂದ ನಾನು ಇನ್ನೆಲ್ಲೂ ನಿಂತಿಲ್ಲ. ಹೊಲಿಗೆಯವಳು ಹೊರಗೆ ಬಂದು, ನನ್ನ ಪಕ್ಕ ನಿಂತು, ಬೆರಳಿನ ಶಾಯಿ ನೋಡಿಕೊಂಡು, “ಅಷ್ಟೇನಾ ಚಿಕ್ಕಕ್ಕ? ಒಳಗೆ ಯಾರೂ ನನ್ನನ್ನ ಏನೂ ಕೇಳಲೇ ಇಲ್ಲ” ಅಂದಳು. ಗಂಡ ಯಾವ ಗುರುತು ಒತ್ತಬೇಕು ಅಂತ ಮನೆಯಲ್ಲೇ ಕಂಠಪಾಠ ಮಾಡಿಸಿ ಕರೆದುಕೊಂಡು ಹೋಗುತ್ತಿದ್ದನಂತೆ. ಅವತ್ತು ಸಂಜೆ ನಾನು ಬಾಯಿ ತಡೆಯಲಾರದೆ ಯಾರಿಗೆ ಹಾಕಿದೆ ಅಂತ ಅವಳನ್ನು ಕೇಳಹೊರಟಾಗ ನೀವು ಕಣ್ಣಲ್ಲೇ ಗದರಿಸಿದಿರಿ. ಆಮೇಲೆ ಪಕ್ಕಕ್ಕೆ ಕರೆದು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ಇದೆ: “ನಾವು ಅವರಿಗೆ ಅನ್ನ ಹಾಕ್ತೀವಿ, ಸೂರು ಕೊಟ್ಟಿದ್ದೀವಿ. ನಾವು ಮತದ ಬಗ್ಗೆ ಬಾಯಿ ತೆಗೆದ್ರೆ ಅದು ಕೇಳೋದಲ್ಲ, ವಸೂಲಿ.”

ಇಷ್ಟನ್ನೆಲ್ಲ ಹೇಳಿದ ನೀವೇ ಚುನಾವಣೆಗೆ ನಿಂತಾಗ ನಾನು ಮೂಗು ಮುರಿಯಲಿಲ್ಲ. ಅದನ್ನು ಪಿ.ಎ. ಅವರೂ ತಿಳಿದುಕೊಳ್ಳಲಿ. ಸಮಾಜಸೇವೆ ಮಾಡುವವರು ರಾಜಕೀಯದ ನೆರಳೂ ಸೋಕದ ಹಾಗೆ ಇರಬೇಕು ಅನ್ನುವ ಮಡಿವಂತಿಕೆ ನನಗೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ನಮ್ಮ ಅನುದಾನ ನಿಂತುಹೋದ ವರ್ಷ ಹಿಂದಿನ ಸದಸ್ಯನ ಕೋಣೆಯ ಹೊರಗೆ ನಾವಿಬ್ಬರೂ ಎಷ್ಟು ಹೊತ್ತು ನಿಂತಿದ್ದೆವು! ಒಳಗಿಂದ ಕ್ರಿಕೆಟ್ ಸದ್ದು ಕೇಳುತ್ತಿತ್ತು. ಕೊನೆಗೆ ಆತ ಹೊರಬಂದು, “ಗಂಡ ಹೆಂಡ್ತಿ ಜಗಳಕ್ಕೆಲ್ಲ ನಗರಸಭೆ ದುಡ್ಡು ಕೊಡೋಕಾಗುತ್ತೇನಮ್ಮ” ಅಂತ ಹೇಳಿ ಕಾರು ಹತ್ತಿದ. ಮೆಟ್ಟಿಲಿಳಿಯುವಾಗ ನೀವು, “ಇನ್ನೆಷ್ಟು ದಿನ ಬಾಗಿಲ ಹೊರಗೆ ನಿಂತು ಕೈ ಮುಗಿಯೋದು ಮೊಂಡಿ? ಒಂದು ಸಲ ಒಳಗೆ ಕೂತು ನೋಡೋಣ” ಅಂದಿರಿ. ನಿಲ್ಲಿ ದೊಡ್ಡಕ್ಕಾ, ಇವತ್ತೇ ನಿಲ್ಲಿ ಅಂದೆ. ನಿಮ್ಮಂಥವರು ಒಳಗೆ ಕೂರದಿದ್ದರೆ ಇನ್ಯಾರು ಕೂರಬೇಕು ಅಂತ ಈಗಲೂ ಅನ್ನುತ್ತೇನೆ. ಒಳಗೆ ಹೋದದ್ದು ತಪ್ಪಲ್ಲ. ಹೋಗುವಾಗ ನಮ್ಮನ್ನು ಮೆಟ್ಟಿಲು ಮಾಡಿಕೊಂಡಿರಲ್ಲ, ನನ್ನ ಸಂಕಟ ಅದು.

ಪಕ್ಷೇತರರಿಗೆ ಉಳಿದ ಗುರುತುಗಳಲ್ಲಿ ನಿಮಗೆ ಸಿಕ್ಕಿದ್ದು ಬಕೆಟ್. ಅಡುಗೆಯಮ್ಮ ಬಿದ್ದು ಬಿದ್ದು ನಕ್ಕರು. “ಇಷ್ಟು ದಿನ ಬಕೆಟ್ ಹಿಡಿಯೋರು ಅಂತ ಬೇರೆಯವರನ್ನ ಬಯ್ತಿದ್ವಿ, ಈಗ ನಮ್ಮ ಕೈಗೇ ಬಂತಲ್ಲ!” ನೀವೂ ನಕ್ಕಿರಿ. ಗುರುತು ಸಿಕ್ಕಿದ ದಿನ ಮನೆಗೆ ಬಂದು, ನೆಲದ ಮೇಲೆ ಕೂತು, ಎಲ್ಲರ ಜೊತೆ ಈರುಳ್ಳಿ ಸುಲಿದಿರಿ. ಮತದ ಮಾತು ಎತ್ತಲಿಲ್ಲ. ಆ ದೊಡ್ಡಕ್ಕನನ್ನು ನಾನು ಕೊನೆಯ ಸಲ ನೋಡಿದ್ದು ಅವತ್ತೇ ಅನಿಸುತ್ತದೆ.

ಆಮೇಲೆ ನಿಮ್ಮ ಮೈದುನ ಬಂದರು. ಪ್ರಚಾರದ ಉಸ್ತುವಾರಿ ಅವರದು. ಕೆಟ್ಟವರಲ್ಲ; ಆದರೆ ಯಾವುದನ್ನು ನೋಡಿದರೂ ಇದರಿಂದ ಎಷ್ಟು ಮತ ಬರುತ್ತದೆ ಅಂತ ಲೆಕ್ಕ ಹಾಕುವ ಮನುಷ್ಯ. ನೀವು ಮಾಡಿದ ಕೆಲಸ ಯಾರಿಗೂ ಕಾಣದು, ಕಾಣದ್ದಕ್ಕೆ ಯಾರು ಮತ ಹಾಕುತ್ತಾರೆ ಅನ್ನುವುದು ಅವರ ಚಿಂತೆ. ಅದು ನಿಮ್ಮ ಚಿಂತೆಯೂ ಯಾವಾಗ ಆಯಿತೋ ನನಗೆ ತಿಳಿಯಲಿಲ್ಲ. ಒಂದು ಸಂಜೆ ಬಸ್ ನಿಲ್ದಾಣದ ಹತ್ತಿರ ನಿಮ್ಮ ಭಾಷಣ. ಧ್ವನಿವರ್ಧಕದ ಸದ್ದು ನಮ್ಮ ಮನೆಯವರೆಗೂ ಬರುತ್ತಿತ್ತು. ಹೊಲಿಗೆಯವಳು ಕಿಟಕಿ ಪಕ್ಕ ಮಷೀನು ತುಳಿಯುತ್ತಿದ್ದಳು, ಅವಳ ಮಗಳು ಕೆಳಗೆ ಕೂತು ಬಟ್ಟೆ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. “ಒಬ್ಬ ಹೆಣ್ಣುಮಗಳು, ಹೆಸರು ಹೇಳೋದಿಲ್ಲ. ಗಂಡ ಅವಳ ಬೆನ್ನ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಿದ್ದ…” ಅಂತ ನಿಮ್ಮ ದನಿ ಬಂತು. ಮಷೀನು ನಿಂತಿತು. ಭಾಷಣ ಮುಗಿದು ಚಪ್ಪಾಳೆ ಬೀಳುವವರೆಗೂ ಅವಳು ಬಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದಳು. ನಾನು ಹೋಗಿ ಕಿಟಕಿ ಮುಚ್ಚಿದೆ. ಅವಳೇ ನನಗೆ ಸಮಾಧಾನ ಹೇಳಿದಳು: “ಪರವಾಗಿಲ್ಲ ಚಿಕ್ಕಕ್ಕ. ಹೆಸರು ಹೇಳಲಿಲ್ಲವಲ್ಲ.”

ಮಾರನೆಯ ದಿನ ನಿಮ್ಮ ಹತ್ತಿರ ಬಂದು ಜಗಳಾಡಿದೆ. “ಒಬ್ಬಳ ಕಥೆ ಹೇಳಿ ನೂರು ಜನಕ್ಕೆ ಮನೆ ಕಟ್ಟೋದಾದ್ರೆ ಅವಳೇ ಬೇಡ ಅಂತಾಳಾ, ಕೇಳು ಬೇಕಾದ್ರೆ” ಅಂದಿರಿ. ಕೇಳಿದರೆ ಅವಳು ಬೇಡ ಅನ್ನುತ್ತಿರಲಿಲ್ಲ, ನಿಜ. ಅನ್ನ ಹಾಕಿದವರಿಗೆ ಬೇಡ ಅನ್ನುವುದು ಹೇಗೆ? ಇದನ್ನು ನನಗೆ ಕಲಿಸಿದವರು ನೀವೇ ಅಲ್ಲವೇ?

ಮತದಾನದ ದಿನ ಬಂತು. ಎಂದಿನಂತೆ ನಾನು ತಿರುವಿನಲ್ಲಿ ಛತ್ರಿ ಬಿಚ್ಚಿ ನಿಂತಿದ್ದೆ. ಬೆಳಿಗ್ಗೆ ಕೆಲವರು ಬಂದು ಹಾಕಿ ಹೋಗಿದ್ದರು, ಉಳಿದವರು ಮಧ್ಯಾಹ್ನದ ಬಸ್ಸುಗಳಲ್ಲಿ ಬರಬೇಕಿತ್ತು. ಆಗ ದೂರದಿಂದ ಹಾಡು ಕೇಳಿತು. ನೋಡಿದರೆ ಬಾವುಟ ಕಟ್ಟಿದ ವ್ಯಾನು, ಮುಂದೆ ನೇತಾಡುವ ನಿಜವಾದ ಬಕೆಟ್, ಕಿಟಕಿಗಳಲ್ಲಿ ನಮ್ಮ ಮನೆಯ ಹೆಂಗಸರು! ನಾನು ಹುಚ್ಚಿಯ ಹಾಗೆ ಛತ್ರಿ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ವ್ಯಾನಿನ ಡ್ರೈವರನಿಗೆ ನನ್ನ ಛತ್ರಿಯ ಅರ್ಥ ಹೇಗೆ ಗೊತ್ತಾಗಬೇಕು?

ಮತದಾನ ಮಂದವಾಗಿದೆ, ಬಸ್ಸಿಗೆ ಕಾಯುತ್ತಾ ಕೂತರೆ ಆಗದು ಅಂತ ಮೈದುನ ಹೇಳಿದರಂತೆ. ನೀವು ಆ ಡ್ರೈವರನಿಗೆ ಫೋನಿನಲ್ಲಿ ದಾರಿ ಹೇಳಿದಿರಂತೆ: ಐಸ್ ಫ್ಯಾಕ್ಟರಿ ಹಿಂದೆ, ಬಣ್ಣ ಹೋದ ಗೇಟು, ಒಳಗೆ ಹಲ್ಲಿನ ಚಿತ್ರ ಇದೆ ನೋಡಿ. ಯಾವ ತಾಯಿಯೂ ನಿಮ್ಮ ಕಾಲು ಹಿಡಿದು ಅತ್ತಿರಲಿಲ್ಲ ದೊಡ್ಡಕ್ಕಾ. ಯಾರೂ ಹೆದರಿಸಿರಲಿಲ್ಲ. ನೀವಾಗಿಯೇ ಹೇಳಿದಿರಿ. ಮತಗಟ್ಟೆಯ ರಸ್ತೆಯಲ್ಲಿ ನೀವು ಒಬ್ಬೊಬ್ಬರನ್ನೇ ತಬ್ಬಿಕೊಂಡಿರಿ, ಮೊಬೈಲುಗಳು ಮೇಲೆದ್ದವು. ಹೊಲಿಗೆಯವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ನಿಮ್ಮ ಮೈದುನ, “ಸ್ವಲ್ಪ ಮುಖ ಕಾಣೋ ಹಾಗೆ ನಿಂತ್ಕೋ ತಂಗಿ” ಅಂದರು. ಅವಳು ನಿಮ್ಮ ಕಡೆ ನೋಡಿದಳು. ನೀವು ನಗುತ್ತಿದ್ದಿರಿ. ಅವಳು ಸೆರಗು ಕೆಳಗಿಳಿಸಿದಳು.

ವಾಪಸು ಬಿಡುವಾಗಲೂ ಆ ವ್ಯಾನು ಹಾಡು ನಿಲ್ಲಿಸಲಿಲ್ಲ. ಇಷ್ಟು ವರ್ಷ ನಾವು ಅಲ್ಲಿರುವುದೇ ಗೊತ್ತಿಲ್ಲದ ಬೀದಿ ಪೂರ್ತಿ ಹೊರಗೆ ಬಂದು ನಿಂತು ನಮ್ಮನ್ನು ಎಣಿಸಿತು.

ಎಣಿಕೆಯ ದಿನ ನೀವು ಗೆದ್ದಿರಿ. ಮನೆಯಲ್ಲಿ ಎಲ್ಲರೂ ಕುಣಿದರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ? ಭಯವೆಲ್ಲ ಒಂದು ಕ್ಷಣ ಮರೆತುಹೋಯಿತು. ನಮ್ಮವರೊಬ್ಬರು ಒಳಗೆ ಕೂರುತ್ತಾರೆ ಅನ್ನುವುದೊಂದೇ ಇತ್ತು. ಸಂಜೆ ನಿಮ್ಮ ಮೆರವಣಿಗೆ ನಮ್ಮ ಬೀದಿಗೇ ಬಂತು. ದೊಡ್ಡಕ್ಕ ಬಾಗಿಲಿಗೆ ಬಂದಿದ್ದಾರೆ ಅಂತ ಆ ಗೇಟನ್ನು ಮೊದಲ ಸಲ ಹಾರು ಹೊಡೆದು ತೆರೆದೆವು. ಡೋಲು, ಕೂಗು, ಕಾಗದದ ಚೂರು. ಹೆಂಗಸರು ನಿಮಗೆ ಹಾರ ಹಾಕಲು ನುಗ್ಗಿದರು. ಹೊಲಿಗೆಯವಳು ರಾತ್ರಿಯೆಲ್ಲ ಕೂತು ಹೊಲಿದಿದ್ದ ಬಟ್ಟೆಯ ಹೂವಿನ ಹಾರ ಅದು. ಅವಳ ಮಗಳು ಗೇಟಿನ ಹತ್ತಿರ ನಿಂತು, ಯಾರೋ ಹಂಚಿದ ಪುಟ್ಟ ಪ್ಲಾಸ್ಟಿಕ್ ಬಕೆಟ್ ಆಡಿಸುತ್ತಿದ್ದಳು. ಗುಂಪಿನಲ್ಲಿ ಒಬ್ಬ, ಕೊರಳಲ್ಲಿ ನಿಮ್ಮ ಬಾವುಟ, ನಗುನಗುತ್ತಾ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ನಾನು ಕಣ್ಣಾರೆ ನೋಡಿದೆ. ಯಾರೋ ಕಾರ್ಯಕರ್ತ, ಮಗುವಿಗೆ ಮೆರವಣಿಗೆ ತೋರಿಸುತ್ತಿದ್ದಾನೆ ಅಂದುಕೊಂಡೆ. ಮಗು ಚೀರಿಯೂ ಇರಬಹುದು. ಆ ಡೋಲಿನಲ್ಲಿ ಯಾರಿಗೆ ಕೇಳಬೇಕು?

ಅವನು ಹೊಲಿಗೆಯವಳ ಗಂಡ. ಅವನಿಗೆ ದಾರಿ ತೋರಿಸಿದವನು ಆ ಡ್ರೈವರನೇ. ಮತದಾನದ ಫೋಟೋ ಊರೆಲ್ಲ ಹರಿದಾಡಿತ್ತು. ಅವನು ವ್ಯಾನ್ ಸ್ಟ್ಯಾಂಡಿಗೆ ಹೋಗಿ ಕೇಳಿದ, ಇವನು ಸಂತೋಷದಿಂದ ಹೇಳಿದ. ಡ್ರೈವರನ ಮೇಲೆ ನನಗೆ ಸಿಟ್ಟಿಲ್ಲ. ಅದು ಬಚ್ಚಿಟ್ಟ ಮನೆ ಅಂತ ಅವನಿಗೆ ಯಾರೂ ಹೇಳಿರಲೇ ಇಲ್ಲ.

ಮೆರವಣಿಗೆ ಬೀದಿ ದಾಟಿದ ಮೇಲೆ ಹೊಲಿಗೆಯವಳ ಫೋನು ರಿಂಗಾಯಿತು. ಮಗಳಿಗೆ ಬಾಯಿಪಾಠವಿದ್ದ ನಂಬರು ಅದು. ಅವನು ಕೂಗಾಡಲಿಲ್ಲ, ಬೈಯಲಿಲ್ಲ. ಮಗಳು ಅಪ್ಪನ ಮನೆಗೆ ಬಂದಿದ್ದಾಳೆ, ನೀನೂ ಬಾ ಅಂದನಂತೆ, ಅಷ್ಟೇ. ನಾನು ನಿಮಗೆ ಫೋನು ಮಾಡಿದೆ. ನಿಮ್ಮ ಮೈದುನ ಎತ್ತಿಕೊಂಡು, “ಅತ್ತಿಗೆ ಜನರ ಮಧ್ಯೆ ಇದ್ದಾರೆ” ಅಂದರು. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಕೊನೆಗೂ ನಿಮ್ಮ ದನಿ ಕೇಳಿದಾಗ ನಾನು ಅತ್ತೇಬಿಟ್ಟೆ. ಈಗಲೇ ಪೊಲೀಸರಿಗೆ ನೀವೇ ಒಂದು ಮಾತು ಹೇಳಿ, ಗೆದ್ದ ಸದಸ್ಯೆ ಹೇಳಿದರೆ ಓಡಿಬರುತ್ತಾರೆ, ಮಗುವನ್ನು ತರೋಣ ಅಂದೆ. ಹಿಂದೆ ಯಾರೋ ಜೈಕಾರ ಹಾಕುತ್ತಿದ್ದರು. ನೀವು ಹೇಳಿದಿರಿ: “ಅವನು ಆ ಮಗುವಿನ ಅಪ್ಪ ಮೊಂಡಿ. ಈಗ ಗಲಾಟೆ ಎಬ್ಬಿಸಿದ್ರೆ ನಾಳೆ ಪೇಪರಲ್ಲಿ ಅದೇ ಬರುತ್ತೆ. ಪ್ರಮಾಣವಚನ ಒಂದು ಆಗಲಿ, ಆಮೇಲೆ ನಾನೇ ನಿಂತು ನೋಡ್ಕೋತೀನಿ.”

ಪ್ರಮಾಣವಚನ ಆಗಲಿ. ಆ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ ಗೊತ್ತೇ? ಅನುದಾನ ಕೇಳಲು ಹೋದಾಗ ಆ ಹಳೆಯ ಸದಸ್ಯ ಹೇಳಿದ ಮಾತಿಗಿಂತ ಇದು ಯಾವ ರೀತಿಯಲ್ಲಿ ಬೇರೆ ಅಂತ ಹುಡುಕಿದೆ. ಸಿಕ್ಕಲಿಲ್ಲ. ಆತ ನನ್ನನ್ನು ಅಮ್ಮ ಅಂದಿದ್ದ, ನೀವು ಮೊಂಡಿ ಅಂದಿರಿ, ಅಷ್ಟೇ ವ್ಯತ್ಯಾಸ.

ನಾನೇ ಠಾಣೆಗೆ ಹೋದೆ. ಅಪ್ಪ ಮಗಳನ್ನು ಕರೆದುಕೊಂಡು ಹೋದರೆ ಅಪಹರಣ ಹೇಗಾಗುತ್ತದೆ, ಬೆಳಿಗ್ಗೆ ಬನ್ನಿ ಅಂದರು. ವಾಪಸು ಬಂದಾಗ ಹೊಲಿಗೆಯವಳು ಚೀಲ ತುಂಬುತ್ತಿದ್ದಳು. ಬೇಡ ಅಂದೆ, ಬೈದೆ, ಬಾಗಿಲಿಗೆ ಅಡ್ಡ ನಿಂತೆ. “ನಾನು ಅಲ್ಲಿ ಇಲ್ಲದಿದ್ರೆ ಏಟು ಯಾರ ಮೇಲೆ ಬೀಳುತ್ತೆ ಚಿಕ್ಕಕ್ಕ?” ಅಂದಳು. ನಾನು ಬಾಗಿಲಿನಿಂದ ಸರಿದೆ. ಅರ್ಧ ಹೊಲಿದ ಒಂದು ಲಂಗವನ್ನು ಮಷೀನಿನಿಂದ ತೆಗೆದು, ಮಡಿಸಿ, ಸೂಜಿಯನ್ನು ಡಬ್ಬಿಗೆ ಹಾಕಿ ಇಟ್ಟಳು. ಬೆಳಕು ಹರಿಯುತ್ತಲೇ ಹೊರಟಳು. ಬೆರಳಿನ ಶಾಯಿ ಇನ್ನೂ ಕಪ್ಪಗೇ ಇತ್ತು. ಗೇಟಿನಲ್ಲಿ ತಿರುಗಿ, “ದೊಡ್ಡಕ್ಕನ ಮೇಲೆ ಸಿಟ್ಟು ಮಾಡ್ಕೋಬೇಡಿ. ನಾನು ಅವರಿಗೇ ಹಾಕಿದ್ದು. ಖುಷಿಯಿಂದಲೇ ಹಾಕಿದ್ದು” ಅಂದಳು. ನಾನು ಕೇಳಿರಲಿಲ್ಲ. ಕೇಳಬಾರದು ಅಂತ ನೀವು ಹೇಳಿದ್ದು ನನಗೆ ನೆನಪಿತ್ತು.

ಆಮೇಲೆ ನೀವು ಬಂದಿರಿ, ಕಾರಿನಲ್ಲಿ. “ಅವಳು ವಯಸ್ಸಿಗೆ ಬಂದ ಹೆಂಗಸು. ತಾನಾಗಿ ಹೋಗಿದ್ದಾಳೆ. ಅವಳ ಆಯ್ಕೆಯನ್ನ ನಾವು ಗೌರವಿಸಬೇಕು ಅಲ್ವಾ?” ಅಂದಿರಿ. ಆಯ್ಕೆ! ನಮ್ಮ ವೃತ್ತಿಯ ಅತ್ಯಂತ ಒಳ್ಳೆಯ ಮಾತನ್ನು ತಂದು, ಅದರಲ್ಲೇ ಕೈ ತೊಳೆದುಕೊಂಡಿರಿ. ಅವತ್ತಿನಿಂದ ನಿಮ್ಮ ಎದುರು ನನಗೆ ದನಿ ಏರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಿಷಯ ಹೇಳುತ್ತೇನೆ. ಫಲಿತಾಂಶದ ಅಂಕಿ ನಾನೂ ನೋಡಿದೆ. ನೀವು ಭಾರಿ ಅಂತರದಿಂದ ಗೆದ್ದಿದ್ದೀರಿ. ನಮ್ಮ ಮನೆಯ ಮತಗಳಷ್ಟನ್ನೂ ಕಳೆದರೂ ಆರಾಮವಾಗಿ ಗೆಲ್ಲುತ್ತಿದ್ದಿರಿ. ಬಸ್ಸಿನಲ್ಲೇ ಬರಲಿ ಬಿಡಿ ಅಂದಿದ್ದರೆ ಏನೂ ಹೋಗುತ್ತಿರಲಿಲ್ಲ. ಬರದಿದ್ದರೂ ಏನೂ ಹೋಗುತ್ತಿರಲಿಲ್ಲ. ಸೋಲುವ ಭಯದಲ್ಲಿ ಹೀಗೆ ಮಾಡಿದ್ದರೆ ಹೋಗಲಿ ಅನ್ನಬಹುದಿತ್ತು. ಬೇಕಾಗೇ ಇರದ ಮತಕ್ಕೆ ಅವಳನ್ನು ಕೊಟ್ಟಿರಲ್ಲ ದೊಡ್ಡಕ್ಕಾ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ನೀವು ಮಾಡಿದ ಒಳ್ಳೆಯದನ್ನು ಇಲ್ಲ ಅನ್ನುವುದಿಲ್ಲ. ಬಸ್ ನಿಲ್ದಾಣಕ್ಕೆ ದೀಪ ಬಂತು. ನಿಂತ ಅನುದಾನ ಮತ್ತೆ ಶುರುವಾಯಿತು. ನನ್ನ ಸಂಬಳವೂ ಅದರಲ್ಲೇ ಬರುತ್ತದೆ, ನಾಚಿಕೆಯಿಂದಲೇ ತೆಗೆದುಕೊಳ್ಳುತ್ತೇನೆ. ಆದರೆ ಆ ಹೊಸ ಭವನವನ್ನು ಮೊನ್ನೆ ಬಸ್ಸಿನಿಂದ ನೋಡಿದೆ. ಗುಲಾಬಿ ಬಣ್ಣ. ಇಡೀ ಮುಖ್ಯರಸ್ತೆಗೆ ಕಾಣುವ ಬೋರ್ಡು, ಅದರಲ್ಲಿ ಕೈ ಮುಗಿದ ನಿಮ್ಮ ಚಿತ್ರ. ತಾರಸಿಯ ಮೇಲೆ ಬಟ್ಟೆ ಒಣಗಿಸಲು ಉದ್ದನೆಯ ತಂತಿ ಕೂಡ ಕಟ್ಟಿಸಿದ್ದೀರಿ. ನೋಡುತ್ತಾ ನನಗೆ ನಗು ಬಂತು, ಪಕ್ಕದವರು ತಿರುಗಿ ನೋಡುವಷ್ಟು. ಅಡಗಿಕೊಳ್ಳಲು ಜಾಗ ಹುಡುಕುವವಳಿಗೆ ಬೋರ್ಡು ಹಾಕಿದ ಮನೆ! ಇಂಥದ್ದನ್ನು ಬೇರೆ ಯಾರಾದರೂ ಕಟ್ಟಿಸಿದ್ದರೆ ನೀವು ಅವರ ಚಳಿ ಬಿಡಿಸುತ್ತಿದ್ದಿರಿ. ಆ ಕಟ್ಟಡಕ್ಕೆ ನಮ್ಮಿಂದ ಒಬ್ಬಳನ್ನೂ ಕಳಿಸುವುದಿಲ್ಲ. ನಾನು ಉದ್ಘಾಟನೆಗೂ ಬರುವುದಿಲ್ಲ.

ಇನ್ನು ನೀವು ಕೇಳಿದ ಎರಡು ಪ್ರಶ್ನೆಗಳು. ಹಳೆಯ ಮನೆ ಖಾಲಿ ಮಾಡಿ, ಪಾತ್ರೆ ಪಗಡ, ಮಷೀನು, ಆ ಹಲ್ಲಿನ ಚಿತ್ರ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ನೀವು ಕಲಿಸಿದ ರೀತಿಯಲ್ಲೇ, ಬೇರೆ ಕಡೆ ಸಾಗಿಸಿದೆವು. ಅಲ್ಲಿ ಚಪ್ಪಲಿಗಳು ಒಳಗಿವೆ, ಬಟ್ಟೆ ಕೋಣೆಯಲ್ಲೇ ಒಣಗುತ್ತದೆ, ಹಾಲು ಬೇರೆ ಬೇರೆ ಅಂಗಡಿಯಿಂದ ಬರುತ್ತದೆ. ನಿಮ್ಮ ಒಂದೊಂದು ಮಾತನ್ನೂ ಪಾಲಿಸುತ್ತಿದ್ದೇವೆ. ನಿಮ್ಮ ಮಾತಿನಿಂದಲೇ ನಿಮ್ಮಿಂದ ನಮ್ಮನ್ನು ಕಾಪಾಡಿಕೊಳ್ಳುತ್ತಿದ್ದೇವೆ. ಹೊಲಿಗೆಯವಳು ಅವನ ಮನೆಯಲ್ಲೇ ಇದ್ದಾಳೋ, ಮಗಳನ್ನು ಕಂಕುಳಿಗೆ ಹಾಕಿಕೊಂಡು ಇನ್ನೊಮ್ಮೆ ತಪ್ಪಿಸಿಕೊಂಡಳೋ, ತಪ್ಪಿಸಿಕೊಂಡಿದ್ದರೆ ಯಾರ ಬಾಗಿಲು ತಟ್ಟಿದಳೋ ಅಂತ ನಿಮಗೂ ಯೋಚನೆ ಇರಬಹುದು. ಇರಲಿ ಅಂತಲೇ ನನ್ನ ಆಸೆ.

ಒಂದು ದಿನ ನೀವು ತಲೆಯ ಮೇಲೆ ಸೆರಗು ಎಳೆದುಕೊಂಡು ತಾಯಿಯಾಗಿ ಬಂದು ಕೇಳಿದಿರಿ. ಇವತ್ತು ಮುದ್ರೆ ಒತ್ತಿದ ಕಾಗದದಲ್ಲಿ ಸದಸ್ಯೆಯಾಗಿ ಬಂದು ಕೇಳಿದ್ದೀರಿ. ಅವತ್ತು ನಾನು ಫೇಲಾದೆ. ಈಗ ಇನ್ನೊಮ್ಮೆ ಕೇಳಿ ದೊಡ್ಡಕ್ಕಾ. ಮನೆ ಎಲ್ಲಿದೆ?

ಗೊತ್ತಿಲ್ಲ.

ಅವಳು ಎಲ್ಲಿದ್ದಾಳೆ?

ಗೊತ್ತಿಲ್ಲ.

ಆರೋಗ್ಯ ನೋಡಿಕೊಳ್ಳಿ. ಒಳಗೆ ಕೂತಿದ್ದೀರಿ, ಚೆನ್ನಾಗಿ ಕೂತಿರಿ. ಯಾರಾದರೂ ಹೊರಗೆ ನಿಂತಿದ್ದರೆ ಬಾಗಿಲು ತೆರೆಯಿರಿ. ಈ ಪತ್ರಕ್ಕೆ ಉತ್ತರ ಬೇಡ.

ನೀವೇ ತಯಾರು ಮಾಡಿದ,
ಮೊಂಡಿ